ಸಹಾಯ ಬೇಕು: ಗುಂಡಿ ತೋಡುವ ಯಂತ್ರದ ಶಾಫ್ಟ್‌ಗೆ ಕವಚ ಎಲ್ಲಿ ಸಿಗುತ್ತದೆ?

ಹೊಸದುರ್ಗದ ಕಡೆ ನಮ್ಮ ತೆಂಗಿನ ತೋಟಕ್ಕೆ ಕಲ್ಲುಕಂಬದ ಬೇಲಿ ಹಾಕಿಸುತ್ತಿದ್ದೇವೆ. ಬಾಡಿಗೆಗೆ ಬಂದಿರುವ ಯಂತ್ರದ ಪಿಟಿಒ ಶಾಫ್ಟ್‌ಗೆ, ಅಂದರೆ ಟ್ರ್ಯಾಕ್ಟರಿನ ಶಕ್ತಿಯನ್ನು ಯಂತ್ರಕ್ಕೆ ಸಾಗಿಸುವ ತಿರುಗುವ ದಂಡಕ್ಕೆ, ಪ್ಲಾಸ್ಟಿಕ್ ಕವಚವೇ ಇಲ್ಲ. ಶಿಯರ್ ಬೋಲ್ಟ್ (ಭಾರ ಮಿತಿಮೀರಿದಾಗ ತಾನೇ ಮುರಿದು ಯಂತ್ರವನ್ನು ಉಳಿಸುವ ಬೋಲ್ಟ್) ಇರಬೇಕಾದ ಜಾಗದಲ್ಲಿ ಯಾವುದೋ ಉದ್ದನೆಯ ಗಟ್ಟಿ ಬೋಲ್ಟ್ ತುರುಕಿದ್ದಾರೆ. ತುದಿ ಬೆರಳುದ್ದ ಹೊರಗೆ ಚಾಚಿದೆ. ಶಾಫ್ಟ್ ತಿರುಗುವ ವೇಗ ನಿಮಿಷಕ್ಕೆ 540 ಸುತ್ತು (ಆರ್‌ಪಿಎಂ), ಎಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚೋ ಹೆಗಲ ಮೇಲಿನ ಟವೆಲ್ಲೋ ಅದಕ್ಕೆ ಸಿಕ್ಕಿದರೆ ಕೂಗಿಕೊಳ್ಳಲೂ ಪುರಸೊತ್ತಿರುವುದಿಲ್ಲ. ಚಾಲಕರನ್ನು ಕೇಳಿದರೆ "ಏನೂ ಆಗುವುದಿಲ್ಲ ಬಿಡಿ ಅಣ್ಣಾ" ಎನ್ನುತ್ತಾರೆ. ಸಾಲದ್ದಕ್ಕೆ, ನೆಲ ಗಟ್ಟಿ ಸಿಕ್ಕಾಗ ಭಾರಕ್ಕೆಂದು ಯಂತ್ರದ ತೋಳಿನ ಮೇಲೆ ಆಳನ್ನು ನಿಲ್ಲಿಸುತ್ತಾರಂತೆ! ಸದ್ಯ ಕೆಲಸ ನಿಲ್ಲಿಸಿದ್ದೇನೆ.

ತಿಳಿದವರು ದಯವಿಟ್ಟು ಹೇಳಿ. ಕವಚ ಬಿಡಿಯಾಗಿ ಚಿತ್ರದುರ್ಗದಲ್ಲೋ ಅರಸೀಕೆರೆಯಲ್ಲೋ ಸಿಗುತ್ತದೆಯೇ? ಅಳತೆ ಯಾವ ರೀತಿ ಕೊಡಬೇಕು? ಶಿಯರ್ ಬೋಲ್ಟ್ ಯಾವ ಗ್ರೇಡಿನದು ತರಲಿ?

ಇನ್ನೊಂದು ವಿಷಯ. ನಮ್ಮದು ಗರಸು ನೆಲ. ಆಗರ್ (ನೆಲ ಕೊರೆಯುವ ಸುರುಳಿ) ಕಲ್ಲಿಗೆ ಸಿಕ್ಕಿಕೊಂಡಾಗ ಹೈಡ್ರಾಲಿಕ್‌ನಿಂದ ಜಗ್ಗಿದರೆ ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ದೊಡ್ಡ ಪೈಪ್ ರೆಂಚಿನಿಂದ ಹಿಮ್ಮುಖವಾಗಿ ತಿರುಗಿಸಿ ಬಿಡಿಸಬೇಕು ಎಂದು ನನ್ನ ಲೆಕ್ಕ. ಹಾಗೆ ಬಿಡಿಸಿದವರು ಯಾರಾದರೂ ಇದ್ದೀರಾ? ಕವಚ ಹಾಕಿದ ಯಂತ್ರವನ್ನೇ ಬಾಡಿಗೆಗೆ ಕೊಡುವವರು ಹತ್ತಿರದಲ್ಲಿದ್ದರೆ ಅದನ್ನೂ ತಿಳಿಸಿ, ಬಾಡಿಗೆ ತುಸು ಹೆಚ್ಚಾದರೂ ಚಿಂತೆಯಿಲ್ಲ.