ವಧು-ವರ ಸಮಾವೇಶದ ಅರ್ಜಿಯಲ್ಲಿ ‘ಮಕ್ಕಳು ಬೇಡ’ ಅನ್ನುವ ಕಾಲಂ ಇರಬೇಕೇ?

ಜಯನಗರ ಸಂಚಾಲಕ:
ಜಯನಗರದಲ್ಲಿ ವಿಶೇಷಚೇತನರ ವಧು-ವರ ಸಮಾವೇಶಕ್ಕೆ ತಯಾರಿ ನಡೆದಿದೆ. ಅರ್ಜಿಯ 14ನೇ ಕಾಲಂ ಬಗ್ಗೆ ಸಮಿತಿಯಲ್ಲಿ ಒಮ್ಮತವಿಲ್ಲ. ಅದು ಹೀಗಿದೆ: ‘ನನ್ನ ನ್ಯೂನತೆ ವಂಶಪಾರಂಪರ್ಯವಾಗಿದ್ದಲ್ಲಿ ಮಕ್ಕಳನ್ನು ಪಡೆಯುವುದಿಲ್ಲವೆಂದು ಒಪ್ಪಿರುತ್ತೇನೆ.’ ಕೆಳಗೆ ಪೋಷಕರ ಸಹಿ. ಬರುವವರಲ್ಲಿ ಹೆಚ್ಚಿನವರು ಹುಟ್ಟಿನಿಂದ ಕಿವಿ ಕೇಳದವರು, ಕೆಲವರು ಕುಬ್ಜರು. ಉಳಿಸುವುದೋ, ತೆಗೆಯುವುದೋ? ಕಾರಣ ಸಮೇತ ಹೇಳಿ.

ವಂಶವಾಹಿ:
ಆ ಕಾಲಂ ಹಿಡಿಯಬೇಕಾದವರನ್ನೇ ಹಿಡಿಯುವುದಿಲ್ಲ. ಲೆಕ್ಕ ಹಾಕಿ ನೋಡಿ.

ಹತ್ತು ಸಾವಿರಕ್ಕೆ ಒಬ್ಬರಿಗೆ ಬರುವ ರಿಸೆಸಿವ್ ಕಾಯಿಲೆ ಅನ್ನಿ, ಅಂದರೆ ಅಪ್ಪ-ಅಮ್ಮ ಇಬ್ಬರಿಂದಲೂ ಆ ಜೀನಿನ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥದ್ದು. ಒಂದೇ ಕೆಟ್ಟ ಪ್ರತಿ ಇರುವ ವಾಹಕರು ಸುಮಾರು 50ಕ್ಕೆ ಒಬ್ಬರು, ನೋಡಲು ಪೂರ್ತಿ ಆರೋಗ್ಯವಂತರು. ಕಾಯಿಲೆ ಇರುವ ಹುಡುಗ ಹೊರಗಿನ ಸಂಬಂಧದ ಹುಡುಗಿಯನ್ನು ಮದುವೆಯಾದರೆ, ಅವಳು ವಾಹಕಿಯಾಗಿರುವ ಸಾಧ್ಯತೆ 1/50. ಆಗಿದ್ದರೆ ಮಗುವಿಗೆ ಬರುವುದು 1/2. ಒಟ್ಟು ನೂರಕ್ಕೆ ಒಂದು.

ಅದೇ ಹುಡುಗನ ‘ಚೆನ್ನಾಗಿರುವ’ ಅಣ್ಣ ಅಕ್ಕನ ಮಗಳನ್ನು ಮದುವೆಯಾದ ಅನ್ನಿ. ಅಣ್ಣ ವಾಹಕನಾಗಿರುವ ಸಾಧ್ಯತೆ 2/3. ಅಕ್ಕನಿಗೂ ಅಷ್ಟೇ, ಅವಳ ಮಗಳಿಗೆ 1/3. ಇಬ್ಬರೂ ವಾಹಕರಾದರೆ ಮಗುವಿಗೆ 1/4. ಗುಣಿಸಿದರೆ 18ಕ್ಕೆ ಒಂದು, ಅಂದರೆ ಐದು ಪಟ್ಟಿಗಿಂತ ಹೆಚ್ಚು. ಅವನಿಗೆ ಛತ್ರ, ಓಲಗ, ಹೋಳಿಗೆ ಊಟ. ತಮ್ಮನಿಗೆ 14ನೇ ಕಾಲಂ.

‘ಮುಂದಿನ ಪೀಳಿಗೆ ಚೊಕ್ಕಟವಾಗುತ್ತದೆ’ ಅನ್ನುವವರಿಗೂ ಇದೇ ಲೆಕ್ಕ. ನೂರು ಕೆಟ್ಟ ಪ್ರತಿಗಳಲ್ಲಿ ಕಾಯಿಲೆ ಇರುವವರ ಮೈಯಲ್ಲಿರುವುದು ಒಂದೇ, 99 ವಾಹಕರಲ್ಲಿರುತ್ತವೆ. ಕಾಯಿಲೆ ಇರುವ ಒಬ್ಬರಿಗೂ ಮಕ್ಕಳಾಗದಂತೆ ತಡೆದರೂ ಆ ಪ್ರತಿಗಳ ಪ್ರಮಾಣ ಅರ್ಧಕ್ಕಿಳಿಯಲು 100 ತಲೆಮಾರು ಬೇಕು. ನಾತ್ಸಿ ಜರ್ಮನಿಯಲ್ಲಿ, ವಂಶಪಾರಂಪರ್ಯ ಕಾಯಿಲೆ ತಡೆಯುವ ಹೆಸರಲ್ಲಿ ತಂದ 1933ರ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಮಾಡಿದರು. ನೀತಿ ಹಾಗಿರಲಿ, ಗಣಿತವೂ ಅವರ ಕಡೆಗಿರಲಿಲ್ಲ.

ಕಾನೂನು ಕಟ್ಟೆ:
ಪೋಷಕರ ಸಹಿ ನೋಡಿಯೇ ಅರ್ಜಿ ವಾಪಸ್ ಕಳಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 10 ಪ್ರಕಾರ, ವ್ಯಕ್ತಿ ತಾನೇ ತಿಳಿದು, ಸ್ವಇಚ್ಛೆಯಿಂದ ಒಪ್ಪದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ, ಅಲ್ಪ ಪ್ರಮಾಣದ ಬುದ್ಧಿಮಾಂದ್ಯತೆ ಇದ್ದ ಹೆಣ್ಣುಮಗಳ ಗರ್ಭವನ್ನು ಅವಳ ಒಪ್ಪಿಗೆಯಿಲ್ಲದೆ ತೆಗೆಸಲು ಸುಪ್ರೀಂ ಕೋರ್ಟ್ ಬಿಡಲಿಲ್ಲ. ಮಗು ಬೇಕೋ ಬೇಡವೋ ಅನ್ನುವುದು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು.

ಮುಚ್ಚಳಿಕೆಗೆ ಕಾನೂನಿನ ಬಲ ಇಲ್ಲ, ಆದರೆ ಕೆಲಸ ಮಾತ್ರ ಮಾಡುತ್ತದೆ: ನಾಳೆ ಅತ್ತೆ ಮನೆಯವರು ‘ನಿಮ್ಮಪ್ಪನೇ ಬರೆದುಕೊಟ್ಟಿದ್ದಾರಲ್ಲ’ ಅಂತ ಸೊಸೆಯನ್ನು ಆಪರೇಷನ್ನಿಗೆ ಕರೆದೊಯ್ಯುತ್ತಾರೆ. ಮಗನನ್ನಲ್ಲ, ಗಮನಿಸಿ.

ಬನಶಂಕರಿ ಮೇಷ್ಟ್ರು:
ಬಲವಂತ ತಪ್ಪು, ಒಪ್ಪಿದೆ. ಆದರೆ ಹುಟ್ಟುವ ಮಗುವಿನ ಮಾತು ಆಡುವವರು ಯಾರು? ಥಲಸ್ಸೇಮಿಯಾ ಮೇಜರ್ (ವಂಶವಾಹಿಯಿಂದ ಬರುವ ತೀವ್ರ ರಕ್ತಹೀನತೆ) ಇರುವ ಮಗುವಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಏರಿಸಬೇಕು, ಮೈಯಲ್ಲಿ ತುಂಬುವ ಕಬ್ಬಿಣ ಇಳಿಸಲು ಜೀವನಪೂರ್ತಿ ಔಷಧಿ. ಗೊತ್ತಿದ್ದೂ ಸುಮ್ಮನಿರುವುದು ಸ್ವಾತಂತ್ರ್ಯವೇ?

ವಂಶವಾಹಿ:
ಮೇಷ್ಟ್ರೇ, ಪ್ರಶ್ನೆ ಸರಿ, ಉದಾಹರಣೆ ನನ್ನ ಕಡೆಗಿದೆ. ಆ ಮಗುವಿನ ಅಪ್ಪ-ಅಮ್ಮ ಸಾಮಾನ್ಯವಾಗಿ ಯಾವ ನ್ಯೂನತೆಯೂ ಇಲ್ಲದ ವಾಹಕರು, ನಿಮ್ಮ ಸಮಾವೇಶಕ್ಕೆ ಬರುವವರೇ ಅಲ್ಲ. ಅವರನ್ನು ಕಂಡುಹಿಡಿಯಲು ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ. ಎಂಸಿವಿ (ಕೆಂಪು ರಕ್ತಕಣದ ಗಾತ್ರ) 80ಕ್ಕಿಂತ ಅಥವಾ ಎಂಸಿಎಚ್ (ಕಣವೊಂದರಲ್ಲಿರುವ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ ಇದ್ದರೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ಎಚ್‌ಬಿಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಶೇ 3.5ಕ್ಕಿಂತ ಹೆಚ್ಚಿದ್ದರೆ ವಾಹಕರೆಂದು ಅರ್ಥ. ಕಬ್ಬಿಣದ ಕೊರತೆ ಇದ್ದರೆ ಈ ಅಂಕಿ ಇಳಿದು ‘ನಾರ್ಮಲ್’ ಅಂತ ಬಂದುಬಿಡಬಹುದು, ಆದ್ದರಿಂದ ಫೆರಿಟಿನ್ (ಮೈಯಲ್ಲಿ ಸಂಗ್ರಹವಿರುವ ಕಬ್ಬಿಣದ ಅಳತೆ) ಕೂಡ ನೋಡಿಸಬೇಕು.

ಕಿವುಡುತನದಲ್ಲಿ ಊಹೆ ಇನ್ನೂ ಅಪಾಯ. ಮಿದುಳು ಜ್ವರದಿಂದಲೋ ತಾಯಿಗೆ ಬಸಿರಲ್ಲಿ ಬಂದ ರುಬೆಲ್ಲಾದಿಂದಲೋ ಆಗಿದ್ದರೆ ಅದು ವಂಶಕ್ಕೆ ಹರಿಯುವುದೇ ಇಲ್ಲ. ವಂಶವಾಹಿಯದ್ದೇ ಆದರೂ ಗಂಡ-ಹೆಂಡತಿ ಇಬ್ಬರದೂ ಜಿಜೆಬಿ2 ಎಂಬ ಜೀನಿನ ರಿಸೆಸಿವ್ ದೋಷವಾದರೆ ಎಲ್ಲ ಮಕ್ಕಳಿಗೂ ಬರುತ್ತದೆ. ಒಬ್ಬರದು ಜಿಜೆಬಿ2, ಇನ್ನೊಬ್ಬರದು ಬೇರೆ ರಿಸೆಸಿವ್ ಜೀನ್ ಆದರೆ ಸಾಮಾನ್ಯವಾಗಿ ಎಲ್ಲ ಮಕ್ಕಳಿಗೂ ಕಿವಿ ಕೇಳುತ್ತದೆ. ಇಬ್ಬರ ರಕ್ತವನ್ನೂ ಪರೀಕ್ಷಿಸದೆ ಇದು ತಿಳಿಯದು. ವರದಿಯಲ್ಲಿ ‘ವಿಯುಎಸ್’ ಅಂತ ಬಂದರೆ ‘ಅರ್ಥ ಸ್ಪಷ್ಟವಿಲ್ಲ’ ಎಂದಷ್ಟೇ. ಅದನ್ನು ಹಿಡಿದು ಸಂಬಂಧ ಮುರಿಯುವವರಿದ್ದಾರೆ.

ಅಕಾಂಡ್ರೊಪ್ಲೇಸಿಯಾ (ಕೈಕಾಲು ಮೊಟಕಾಗುವ ಕುಬ್ಜತೆ) ಇರುವ ಹತ್ತರಲ್ಲಿ ಸುಮಾರು ಎಂಟು ಮಂದಿ ಸಾಮಾನ್ಯ ಎತ್ತರದವರಿಗೇ ಹುಟ್ಟಿದವರು. ಆದರೆ ಗಂಡ-ಹೆಂಡತಿ ಇಬ್ಬರಿಗೂ ಅದಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡು ಕೆಟ್ಟ ಪ್ರತಿ ಸೇರುವ ಸಾಧ್ಯತೆ 1/4, ಅಂಥ ಮಗು ಬದುಕುವುದಿಲ್ಲ. ಇದನ್ನು ಮದುವೆಗೆ ಮುಂಚೆ ಹೇಳದಿರುವುದೂ ಅನ್ಯಾಯವೇ.

ಜಯನಗರ ಸಂಚಾಲಕ:
ಹಾಗಾದರೆ 14ನ್ನು ಹೀಗೆ ಬದಲಿಸಬಹುದೇ: ‘ಜೆನೆಟಿಕ್ ಕೌನ್ಸೆಲಿಂಗ್ (ವಂಶವಾಹಿ ಕಾಯಿಲೆ ಬಗ್ಗೆ ತಜ್ಞರ ಸಲಹೆ) ಕಡ್ಡಾಯ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಥವಾ ಇಂಥ ಬೇರೆ ಕಡೆಯ ವರದಿ ಲಗತ್ತಿಸುವುದು’?

ಕಾನೂನು ಕಟ್ಟೆ:
‘ಕಡ್ಡಾಯ’ವೂ ಬೇಡ, ‘ಲಗತ್ತಿಸುವುದು’ ಅಂತೂ ಬೇಡವೇ ಬೇಡ. ವರದಿ ಆ ಇಬ್ಬರದು, ಸಮಿತಿಯ ಫೈಲಿನದ್ದಲ್ಲ. ಕೌನ್ಸೆಲಿಂಗ್ ಎಲ್ಲಿ ಸಿಗುತ್ತದೆ ಅನ್ನುವ ಚೀಟಿಯನ್ನು ಹುಡುಗ-ಹುಡುಗಿಯ ಕೈಗೇ ಕೊಡಿ, ಪೋಷಕರಿಗಲ್ಲ. ಕಿವಿ ಕೇಳದವರ ಜೊತೆ ಸಂಜ್ಞಾಭಾಷೆಯ ದುಭಾಷಿಯನ್ನು ಕಳಿಸಿ. ಅಮ್ಮನೋ ಅಣ್ಣನೋ ಅರ್ಥ ಹೇಳಿದರೆ ಅವರಿಗೆ ಬೇಕಾದಷ್ಟೇ ದಾಟುತ್ತದೆ. 13 ಆದ ಮೇಲೆ ನೇರ 15 ಬರಲಿ.

ವಂಶವಾಹಿ:
ಅದೇ ಚೀಟಿಯನ್ನು, ನೆಂಟರಲ್ಲೇ ಮದುವೆ ಗೊತ್ತಾದ ಅವರ ಅಣ್ಣ-ತಂಗಿಯರಿಗೂ ಕೊಡಿ. 18ಕ್ಕೆ ಒಂದು ಇರುವುದು ಆ ಕಡೆ.