ಅಪ್‌ಡೇಟ್: ಅಪ್ಪಯ್ಯನ ಬೈಪಾಸ್ ಆಯಿತು, ಗ್ರಾಫ್ಟ್ ಪರೀಕ್ಷೆಯನ್ನೂ ಮಾಡಿದರು

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ. ಹೃದಯದ ಬೈಪಾಸ್‌ನಲ್ಲಿ ಹೊಸದಾಗಿ ಜೋಡಿಸಿದ ನಾಳದಲ್ಲಿ, ಅಂದರೆ ಗ್ರಾಫ್ಟ್‌ನಲ್ಲಿ, ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ಎದೆ ಮುಚ್ಚುವ ಮೊದಲೇ ತಿಳಿಯಬಹುದಾ ಎಂದು ಕೇಳಿದ್ದೆ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಅಪ್ಪಯ್ಯ ಈಗ ಮನೆಯಲ್ಲಿದ್ದಾರೆ, ಅಂಗಳದಲ್ಲಿ ನಿಧಾನವಾಗಿ ಓಡಾಡುತ್ತಾರೆ.

"ಸರ್ಜನ್ ಹತ್ರ ಮೊದಲೇ ನೇರವಾಗಿ ಕೇಳಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಅವರು ಸಮಾಧಾನದಿಂದ ವಿವರಿಸಿದರು. ಗ್ರಾಫ್ಟ್‌ಗೆ ಪುಟ್ಟ ಅಲ್ಟ್ರಾಸೌಂಡ್ ಪ್ರೋಬ್ ಹಿಡಿದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹೋಗುತ್ತದೆ ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 20ಕ್ಕಿಂತ ಕಡಿಮೆ, ಅಥವಾ ಪಲ್ಸಟಿಲಿಟಿ ಇಂಡೆಕ್ಸ್ (ಪ್ರತಿ ಬಡಿತದಲ್ಲಿ ಹರಿವು ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ) 5ಕ್ಕಿಂತ ಜಾಸ್ತಿ ಬಂದರೆ ಅನುಮಾನ. ಅಪ್ಪಯ್ಯನ ಕಾಲಿನಿಂದ ತೆಗೆದ ನಾಳದಲ್ಲಿ ಹಾಗೇ ಬಂತಂತೆ. ಆಗ ಇನ್ನೊಂದು ಪ್ರೋಬನ್ನು ಹೃದಯದ ಮೇಲೇ ಇಟ್ಟು ಜೋಡಣೆಯನ್ನು ಪರದೆಯಲ್ಲಿ ನೋಡಿದರು. ಹೊಲಿಗೆ ಚೆನ್ನಾಗಿತ್ತು, ನಾಳ ಮಡಚಿಕೊಂಡಿತ್ತು ಅಷ್ಟೇ. ಸರಿಪಡಿಸಿ ಮತ್ತೆ ಅಳೆದಾಗ ಹರಿವು ಏರಿತು. ಇದನ್ನು ಕೇಳಿ ಅಮ್ಮ ಅತ್ತುಬಿಟ್ಟರು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಹರಿವು ಕಡಿಮೆ ಅಂದರೆ ಯಾವಾಗಲೂ ಹೊಲಿಗೆಯ ತಪ್ಪಲ್ಲ. ಬಿಪಿ ಇಳಿದಿರಬಹುದು, ಮುಂದಿನ ರಕ್ತನಾಳವೇ ಸಣ್ಣದಿರಬಹುದು. ಹಳೆಯ ನಾಳದಲ್ಲಿ ಬ್ಲಾಕ್ ಅಷ್ಟಾಗಿ ಇಲ್ಲದೆ ಅದರಲ್ಲೂ ರಕ್ತ ಹರಿಯುತ್ತಿದ್ದರೂ ಹೀಗಾಗುತ್ತದಂತೆ.

"ಆಮೇಲೆ ಎಕೋ ಮಾಡಿಸಿ" ಅನ್ನುವ ಸಲಹೆ ಇದಕ್ಕೆ ಆಗಲಿಲ್ಲ. ಎಕೋದಲ್ಲಿ ಹೃದಯದ ಪಂಪಿಂಗ್ ಗೊತ್ತಾಗುತ್ತದೆ, ಗ್ರಾಫ್ಟ್ ಸರಿಯಾಗಿ ಕಾಣುವುದಿಲ್ಲ. ಅಗತ್ಯ ಬಿದ್ದರೆ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್). ಆಪರೇಷನ್ ವೇಳೆ ಹರಿವು ಅಳೆಯುವ ಆ ಯಂತ್ರ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಆಪರೇಷನ್‌ಗೆ ಡೇಟ್ ತೆಗೆದುಕೊಳ್ಳುವ ಮೊದಲೇ ವಿಚಾರಿಸಿ.