ಕ್ಯೂಬಾ ಸಿಗಾರ್ ತರಿಸಿದರೆ ಕೇಸಾಗುತ್ತಾ? ಹಾಸನ, ಚಿಕ್ಕಮಗಳೂರಿನವರ ಚರ್ಚೆ

ಸಕಲೇಶಪುರ ಹೋಮ್‌ಸ್ಟೇ:
ಎಲ್ಲರಿಗೂ ನಮಸ್ಕಾರ. ಅತಿಥಿಗಳು ಕ್ಯೂಬಾ ಸಿಗಾರ್ ಇದೆಯಾ ಅಂತ ಕೇಳ್ತಾರೆ. ಅಮೆರಿಕ 1962ರಿಂದ ಕ್ಯೂಬಾ ಮೇಲೆ ದಿಗ್ಬಂಧನ ಹಾಕಿದೆ, ಅದು ನಿಷೇಧಿತ ಮಾಲು, ಇಟ್ಟುಕೊಂಡರೇ ಕೇಸು ಅಂತ ಕೆಲವರು. ದುಬೈಯಿಂದ ಬರೋರ ಕೈಲಿ ಎರಡು ಡಬ್ಬಿ ತರಿಸಿ ಬಿಲ್ಲಿಗೆ ಸೇರಿಸಿ, ಏನೂ ಆಗಲ್ಲ ಅಂತ ಕೆಲವರು. ಗೊತ್ತಿದ್ದವರು ಹೇಳಿ.

ಕಡೂರು ವಕೀಲ:
ಎರಡು ಮಾತೂ ತಪ್ಪು. 1962ರ ಫೆಬ್ರುವರಿಯಲ್ಲಿ ಕೆನಡಿ ಹಾಕಿದ ದಿಗ್ಬಂಧನ ಅಮೆರಿಕದ ಕಾನೂನಿಗೆ ಒಳಪಟ್ಟವರಿಗೆ. ಭಾರತ ಕ್ಯೂಬಾ ಮೇಲೆ ಯಾವ ನಿರ್ಬಂಧವನ್ನೂ ಹಾಕಿಲ್ಲ. ಆ ದಿಗ್ಬಂಧನ ತೆಗೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 1992ರಿಂದ ಬರುತ್ತಿರುವ ನಿರ್ಣಯಕ್ಕೆ ಕೈ ಎತ್ತುವ ದೇಶ ನಮ್ಮದು. ಹಾಗಾಗಿ ಸಿಗಾರ್ ಕ್ಯೂಬಾದ್ದು ಅನ್ನೋ ಕಾರಣಕ್ಕೇ ಇಲ್ಲಿ ಅಪರಾಧವಿಲ್ಲ. ಆದರೆ ಬಿಲ್ಲಿಗೆ ಸೇರಿಸಿದಿರೋ, ಅಲ್ಲಿ ಸಿಕ್ಕಿಬೀಳ್ತೀರಿ. ಕೋಟ್ಪಾ ಅನ್ನೋ 2003ರ ತಂಬಾಕು ನಿಯಂತ್ರಣ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಾರಾಟಕ್ಕೆ ಆಮದಾಗುವ ಪ್ರತಿ ಪ್ಯಾಕಿನ ಮೇಲೂ ನಮ್ಮ ಸರ್ಕಾರ ಹೇಳಿದ ಎಚ್ಚರಿಕೆ ಚಿತ್ರ ಇರಬೇಕು, ಪ್ಯಾಕಿನ ಮುಖದ ಶೇ. 85 ಭಾಗ. ದುಬೈ ಅಂಗಡಿಯ ಡಬ್ಬಿಯಲ್ಲಿ ಅದು ಇರೋದಿಲ್ಲ.

ಬೇಲೂರು ಟ್ರಾವೆಲ್ಸ್:
"ಶೇ. 85" ಅಂದ್ರಲ್ಲ ವಕೀಲರೇ, ಅದನ್ನ ನಮ್ಮ ಹೈಕೋರ್ಟೇ 2017ರಲ್ಲಿ ರದ್ದು ಮಾಡಿದೆ. ರದ್ದಾದ ನಿಯಮ ತೋರಿಸಿ ಯಾಕೆ ಜನರನ್ನ ಹೆದರಿಸ್ತೀರಿ?

ಕಡೂರು ವಕೀಲ:
ಅರ್ಧ ಓದಿ ಬಂದಿದ್ದೀರಿ. ಹೈಕೋರ್ಟ್ ತೀರ್ಪು 2017ರ ಡಿಸೆಂಬರಿನದು. ಮುಂದಿನ ತಿಂಗಳೇ, 2018ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬೀದಿಬದಿಯ ಬೀಡಾ ಅಂಗಡಿಗೆ ಹೋಗಿ ಯಾವುದಾದರೂ ಸಿಗರೇಟು ಪ್ಯಾಕ್ ತಿರುಗಿಸಿ ನೋಡಿ, ಚಿತ್ರ ಎಷ್ಟು ದೊಡ್ಡದಿದೆ ಅಂತ.

ಬೇಲೂರು ಟ್ರಾವೆಲ್ಸ್:
"ಮಾರಾಟಕ್ಕೆ ಆಮದು" ಅಂತ ನೀವೇ ಬರೆದದ್ದು. ಸ್ವಂತಕ್ಕೆ ತಂದರೆ ಆ ಸೆಕ್ಷನ್ ತಾಗೋದೇ ಇಲ್ಲ. ಬ್ಯಾಗೇಜ್ ನಿಯಮದಲ್ಲಿ 100 ಸಿಗರೇಟು, 25 ಸಿಗಾರ್, 125 ಗ್ರಾಂ ತಂಬಾಕು ಸುಂಕವಿಲ್ಲದೆ ತರಬಹುದು. ಒಂದು ಡಬ್ಬಿಯಲ್ಲಿ 25 ಇರುತ್ತೆ, ಮೂರು ಜನ ಬಂದರೆ ಮೂರು ಡಬ್ಬಿ. ಇದರಲ್ಲಿ ಗಾಬರಿ ಆಗೋದೇನಿದೆ?

ಹೇಮಾವತಿ ತೀರ:
ನೀವು ಅಲ್ಪವಿರಾಮ ಹಾಕಿದ ಜಾಗದಲ್ಲಿ ನಿಯಮದಲ್ಲಿ ಇರೋದು "ಅಥವಾ". 100 ಸಿಗರೇಟು ಅಥವಾ 25 ಸಿಗಾರ್ ಅಥವಾ 125 ಗ್ರಾಂ. ಮೂರರಲ್ಲಿ ಒಂದು. ಬರುವಾಗ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡದ್ದೂ ಇದೇ ಲೆಕ್ಕಕ್ಕೆ ಸೇರುತ್ತೆ. ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿಗೆ ಕೂಡಿಸೋ ಹಾಗೂ ಇಲ್ಲ. ಮೂರು ಡಬ್ಬಿ ಒಬ್ಬರ ಸೂಟ್‌ಕೇಸಿನಲ್ಲಿ ಸಿಕ್ಕಿದರೆ "ಇದು ಅವರದ್ದು, ಅದು ಇವರದ್ದು" ಅಂದರೆ ಯಾರೂ ಕೇಳೋದಿಲ್ಲ. ಹೆಚ್ಚಿಗೆ ಇದ್ದರೆ ನಿಲ್ದಾಣದಲ್ಲಿ ಸುಂಕ ಕಟ್ಟಬೇಕಾದವರ ಕೆಂಪು ಚಾನೆಲ್ಲಿಗೆ ಹೋಗಿ ಬಾಯಿಬಿಟ್ಟು ಹೇಳಿ. ಬೇರೆ ಸಾಮಾನಿಗೆ ಸಿಗುವ ರಿಯಾಯಿತಿ ದರ ಮಿತಿ ಮೀರಿದ ತಂಬಾಕಿಗೆ ಇಲ್ಲ. ಹಸಿರು ಚಾನೆಲ್ಲಿನಲ್ಲಿ ಸುಮ್ಮನೆ ನಡೆದುಬಿಟ್ಟರೆ 1962ರ ಕಸ್ಟಮ್ಸ್ ಕಾಯ್ದೆಯ 111ರಲ್ಲಿ ಜಪ್ತಿ, 112ರಲ್ಲಿ ದಂಡ. ಉಡುಗೊರೆ ಅಂತ ಬರೆಸಿ ಸುಂಕ ಕಟ್ಟದೆ ಕೊರಿಯರ್‌ನಲ್ಲಿ ತರಿಸೋ ದಾರಿ 2019ರ ಡಿಸೆಂಬರಿನಲ್ಲೇ ಮುಚ್ಚಿದೆ. ಜೀವರಕ್ಷಕ ಔಷಧಿ, ರಾಖಿ ಬಿಟ್ಟರೆ ಉಡುಗೊರೆ ಹೆಸರಿನಲ್ಲಿ ಪೂರ್ತಿ ಸುಂಕ ಕಟ್ಟದೆ ಏನೂ ಬಿಡೋದಿಲ್ಲ.

ಮೂಡಿಗೆರೆ ಪ್ಲಾಂಟರ್:
ಇಷ್ಟೆಲ್ಲ ತಲೆನೋವು ಯಾಕೆ? ನಿಕರಾಗುವಾ ಸಿಗಾರ್ ತಗೊಳ್ಳಿ, ಆಮದುದಾರರು ಎಚ್ಚರಿಕೆ ಚಿತ್ರ ಹಾಕಿಸಿ ಬಿಲ್ ಕೊಟ್ಟು ಮಾರೋದು. ಅಮೆರಿಕದಿಂದ ಬಂದ ಅತಿಥಿಗಳೂ ಅಂಜಿಕೆಯಿಲ್ಲದೆ ಸೇದಬಹುದು. 1960ರ ಸುಮಾರಿಗೆ ಕ್ಯೂಬಾದಲ್ಲಿ ಕಾರ್ಖಾನೆಗಳು ಸರ್ಕಾರದ ಪಾಲಾದಾಗ ಊರು ಬಿಟ್ಟ ಬೆಳೆಗಾರರು ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಕಡೆ ಹೋಗಿ ಅದೇ ಗಿಡ ಬೆಳೆಸಿದರು. ಬೀಜ ಕ್ಯೂಬಾದ್ದೇ.

ಬೇಲೂರು ಟ್ರಾವೆಲ್ಸ್:
"ಬೀಜ ಕ್ಯೂಬಾದ್ದೇ" ಅಂತ ಒಪ್ಪಿಕೊಂಡ ಮೇಲೆ ಮುಗೀತಲ್ಲ! ಅಮೆರಿಕದ ನಿಯಮದಲ್ಲಿ ಪೂರ್ತಿಯಾಗಲಿ ಸ್ವಲ್ಪವಾಗಲಿ ಕ್ಯೂಬಾದ ಬೆಳೆಯಿಂದ ಆದದ್ದು ಅಂತಿದೆ. ಹಾಗಾದರೆ ನಿಕರಾಗುವಾ ಸಿಗಾರೂ ಅದೇ ಬಲೆಗೆ ಬೀಳುತ್ತೆ.

ಮೂಡಿಗೆರೆ ಪ್ಲಾಂಟರ್:
ಬೆಳೆ ಅಂದರೆ ಎಲೆ ಸ್ವಾಮಿ, ಬೀಜ ಅಲ್ಲ. ಕ್ಯೂಬಾದ ಎಲೆಯನ್ನು ಬೇರೆ ದೇಶಕ್ಕೆ ಒಯ್ದು ಅಲ್ಲಿ ಸಿಗಾರ್ ಸುತ್ತಿದರೂ ಅಮೆರಿಕಕ್ಕೆ ಅದು ಕ್ಯೂಬಾ ಮಾಲೇ. "ಸ್ವಲ್ಪವಾಗಲಿ" ಅನ್ನೋ ಮಾತು ಇರೋದು ಅದಕ್ಕೆ. ನಿಕರಾಗುವಾದ ಎಸ್ಟೆಲಿ ಮಣ್ಣಲ್ಲಿ ಬೆಳೆದ ಎಲೆ ನಿಕರಾಗುವಾದ್ದು. ಬಾಬಾ ಬುಡನ್ ಯೆಮೆನ್ನಿಂದ ಏಳು ಬೀಜ ತಂದರು ಅಂತ ನಮ್ಮ ಗಿರಿಯ ಕಾಫಿನ ಯೆಮೆನ್ ಕಾಫಿ ಅಂತೀರಾ? 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು ಈ ಮಣ್ಣಿನ ಹೆಸರಿಗೆ.

ಬೇಲೂರು ಟ್ರಾವೆಲ್ಸ್:
ಏಳು ಬೀಜದ್ದು ಬಾಯಿಂದ ಬಾಯಿಗೆ ಬಂದ ಕಥೆ. ಕಾನೂನಿನ ಮಾತಿಗೆ ಕಥೆ ಆಧಾರವಾಗೋದಿಲ್ಲ. ಅದೂ ಅಲ್ಲದೆ ನಿಮ್ಮ ತೋಟಗಳಲ್ಲಿ ಇರೋದು ಎಸ್ 795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ. ಅದಕ್ಕೂ ಯೆಮೆನ್ನಿಗೂ ಏನು ಸಂಬಂಧ?

ಮೂಡಿಗೆರೆ ಪ್ಲಾಂಟರ್:
ಬಾಬಾ ಬುಡನ್ನರ ಹೆಸರನ್ನ ಹಗುರವಾಗಿ ಎತ್ತಬೇಡಿ, ಈ ಜಿಲ್ಲೆ ಅನ್ನ ತಿಂತಿರೋದು ಆ ಬೀಜದಿಂದ. ಎಸ್ 795 ಅಂದರೆ ಎಸ್ 288 ತಳಿಗೆ ಕೆಂಟ್ಸ್ ತಳಿ ಕೂಡಿಸಿ ಮಾಡಿದ್ದು. ಕೆಂಟ್ಸ್ ನಮ್ಮ ಮೈಸೂರು ಸೀಮೆಯ ತೋಟದಲ್ಲೇ ಆರಿಸಿ ತೆಗೆದ ಗಿಡ. ನೀವು ತಳಿ ಹೆಸರು ಹೇಳಿದಷ್ಟೂ ನನ್ನ ಮಾತೇ ಗಟ್ಟಿಯಾಗುತ್ತೆ: ಬೀಜ ಎಲ್ಲಿಂದಾದರೂ ಬರಲಿ, ಬೆಳೆದ ಊರೇ ಅದರ ಊರು.

ಅರಕಲಗೂಡು ರೈತ:
"ಬೆಳೆದ ಊರೇ ಅದರ ಊರು" ಅನ್ನೋದಾದರೆ ನಾವು ರಾಮನಾಥಪುರದ ಹರಾಜಿಗೆ ಒಯ್ಯೋ ಹೊಗೆಸೊಪ್ಪಿಗೆ ಎಲ್ಲರೂ ವರ್ಜೀನಿಯಾ ಅಂತಲೇ ಯಾಕೆ ಅಂತಾರೆ? ವರ್ಜೀನಿಯಾ ಇರೋದು ಅಮೆರಿಕದಲ್ಲಿ. ಬೆಳೆ ಅರಕಲಗೂಡಿಂದು, ತಳಿ ಹುಣಸೂರಿನ ಕೇಂದ್ರದ್ದು, ಹೆಸರು ಮಾತ್ರ ಅವರದ್ದು.

ಬೇಲೂರು ಟ್ರಾವೆಲ್ಸ್:
ನೋಡಿ, ರೈತರೇ ಹೇಳ್ತಿದ್ದಾರೆ, ಬೀಜದ ಮೂಲವೇ ಹೆಸರಲ್ಲಿ ಉಳಿಯೋದು.

ಅರಕಲಗೂಡು ರೈತ:
ನಾನು ಹಾಗೆ ಹೇಳಲಿಲ್ಲಪ್ಪ, ಬಾಯಲ್ಲಿ ಮಾತು ತುರುಕಬೇಡಿ. ವರ್ಜೀನಿಯಾ ಅನ್ನೋದು ಸೊಪ್ಪು ಬೇಯಿಸೋ ಪದ್ಧತಿಯ ಹೆಸರಾಗಿ ಹೋಗಿದೆ. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸೋ ಮನೆಯಲ್ಲಿ, ಐದಾರು ದಿನ ಕೊಳವೆ ಮೂಲಕ ಕಾವು ಕೊಡಬೇಕು. ಮೊದಲು ಕಡಿಮೆ ಕಾವಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ಕಡ್ಡಿ ಚಟ್ ಅಂತ ಮುರಿಯೋವರೆಗೆ ಕಾವು ಏರಿಸಬೇಕು. ಅವಸರಪಟ್ಟು ಮೊದಲೇ ಏರಿಸಿದರೆ ಎಲೆ ಹಸಿರಾಗೇ ನಿಂತುಬಿಡುತ್ತೆ, ರೇಟು ಬಿದ್ದುಹೋಗುತ್ತೆ. ಸಿಗಾರಿನ ಎಲೆಗೆ ಬೆಂಕಿ ಕಾವೇ ಇಲ್ಲ. ನೆರಳಲ್ಲಿ ತೂಗುಹಾಕಿ ಕಂದು ಬಣ್ಣಕ್ಕೆ ಒಣಗಿಸಿ, ರಾಶಿ ಹಾಕಿ ಹುಳಿಸ್ತಾರೆ. ಆ ರಾಶಿ ಒಳಗಿಂದ ಬಿಸಿಯೇರಿ ಅಮೋನಿಯಾ ಘಾಟು ಬಿಡುತ್ತೆ. ಮತ್ತೆ ತಂಬಾಕು ಮಂಡಳಿ ನೋಡೋದು ಯಾರ ನೋಂದಣಿ, ಯಾವ ಬ್ಯಾರನ್ ಲೈಸೆನ್ಸು ಅನ್ನೋದನ್ನ. ಬೀಜದ ಅಜ್ಜನ ಊರನ್ನಲ್ಲ.

ಮೂಡಿಗೆರೆ ಪ್ಲಾಂಟರ್:
ಬೀಜದ ಅಜ್ಜನ ಊರು ಯಾರೂ ಕೇಳಲ್ಲ. ಅಷ್ಟೇ ನಾನು ಹೇಳಿದ್ದು.

ಅರಕಲಗೂಡು ರೈತ:
ನೀವು ಹೇಳಿದ್ದು ಹೆಸರಿನ ವಿಷಯ, ನಾನು ಹೇಳಿದ್ದು ಲೈಸೆನ್ಸಿನ ವಿಷಯ. ಬೇರೆ ಬೇರೆ.

ಹೇಮಾವತಿ ತೀರ:
ಹೆಸರಿನ ವಿಷಯ ಬಂತು ಅಂತ ಹೇಳ್ತೀನಿ, ಮೋಸ ಹೋಗೋದು ಇಲ್ಲೇ. ಕೋಹಿಬಾ ಅನ್ನೋ ಒಂದೇ ಹೆಸರಲ್ಲಿ ಎರಡು ಸಿಗಾರ್ ಇವೆ. ಕ್ಯೂಬಾದ ಕೋಹಿಬಾಕ್ಕೆ ಸುತ್ತಿದ ಪಟ್ಟಿಯಲ್ಲಿ ಹಳದಿ ಬಣ್ಣ, ಕಪ್ಪು ಬಿಳಿ ಚೌಕಗಳ ಸಾಲು. ಅಮೆರಿಕದಲ್ಲಿ ಮಾರೋ ಡೊಮಿನಿಕನ್ ಕೋಹಿಬಾದಲ್ಲಿ "ಓ" ಅಕ್ಷರದೊಳಗೆ ಕೆಂಪು ಚುಕ್ಕೆ. ಆ ಡೊಮಿನಿಕನ್ ಕೋಹಿಬಾ ಹೆಸರಿನ ನೋಂದಣಿಯನ್ನು 2022ರ ಡಿಸೆಂಬರಿನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ರದ್ದು ಮಾಡಿತು, ಜಗಳ ಅಲ್ಲಿಂದ ಕೋರ್ಟಿಗೆ ಹೋಯಿತು. ಡಬ್ಬಿಯಲ್ಲಿ ನೋಡಬೇಕಾದ್ದು ಇಷ್ಟು: ಎಡಬದಿಗೆ ಹಸಿರು ಖಾತರಿ ಮುದ್ರೆ, ಮೂಲೆಯಲ್ಲಿ ಓರೆಯಾಗಿ "ಹಬಾನೋಸ್" ಪಟ್ಟಿ, ಡಬ್ಬಿ ಮಗುಚಿದರೆ ತಳದ ಮರದಲ್ಲೇ ಸುಟ್ಟು ಒತ್ತಿದ "ಹೆಚೊ ಎನ್ ಕೂಬಾ" (ಕ್ಯೂಬಾದಲ್ಲಿ ತಯಾರಾದದ್ದು), ಪಕ್ಕದಲ್ಲಿ ಶಾಯಿಯಲ್ಲಿ ಕಾರ್ಖಾನೆಯ ಸಂಕೇತ ಮತ್ತು ತಿಂಗಳು, ವರ್ಷ. ಗಾಜಿನ ಮುಚ್ಚಳದ ಕೋಹಿಬಾ ಡಬ್ಬಿ ಕಂಡರೆ ಮುಟ್ಟಬೇಡಿ, ಅದು ನಕಲಿ.

ಬೇಲೂರು ಟ್ರಾವೆಲ್ಸ್:
ನಕಲಿ ಆದರೆ ಕ್ಯೂಬಾದ್ದೇ ಅಲ್ಲ, ದಿಗ್ಬಂಧನದ ಪ್ರಶ್ನೆಯೇ ಬರಲ್ಲ. ಇರಲಿ, ಅಮೆರಿಕ ಪಾಸ್‌ಪೋರ್ಟ್ ಇರೋ ಅತಿಥಿ ಒಂದು ಡಬ್ಬಿ ವಾಪಸ್ ಒಯ್ದರೆ ತೊಂದರೆಯಿಲ್ಲ. ಒಬಾಮಾ ಕಾಲದಲ್ಲೇ ಬಿಟ್ಟುಕೊಟ್ಟಿದ್ದಾರೆ.

ಕಡೂರು ವಕೀಲ:
ಒಬಾಮಾ ಬಿಟ್ಟದ್ದು 2016ರ ಅಕ್ಟೋಬರಿನಲ್ಲಿ, ಟ್ರಂಪ್ ಅದನ್ನ ಮತ್ತೆ ಮುಚ್ಚಿದ್ದು 2020ರ ಸೆಪ್ಟೆಂಬರಿನಲ್ಲಿ. ನಿಮಗೆ ಯಾವಾಗಲೂ ಮೊದಲ ಅರ್ಧವೇ ನೆನಪಿರುತ್ತೆ. ಅಮೆರಿಕ ಪ್ರಜೆ ಇಲ್ಲಿ ಕೂತು ತನಗಾಗಿ ಕೊಂಡು ಸೇದಬಹುದು, ಅದಕ್ಕೆ ಅವರ ನಿಯಮದಲ್ಲೇ ಅವಕಾಶ ಇದೆ. ಒಂದೇ ಒಂದನ್ನೂ ಮನೆಗೆ ಒಯ್ಯೋ ಹಾಗಿಲ್ಲ. ನಮ್ಮ ಪಾಸ್‌ಪೋರ್ಟಿನವರೂ ಹುಷಾರಾಗಿರಬೇಕು. ಮೆಕ್ಸಿಕೊದಲ್ಲಿ ಕೊಂಡು ಅಮೆರಿಕದ ಮೇಲೆ ಹಾದು ಬರೋದಾದರೆ, ಬರೀ ವಿಮಾನ ಬದಲಿಸೋಕೂ ಅಲ್ಲಿ ಕಸ್ಟಮ್ಸ್ ದಾಟಲೇಬೇಕು. ಡಬ್ಬಿ ಅಲ್ಲೇ ಹೋಗುತ್ತೆ.

ಸಕಲೇಶಪುರ ಹೋಮ್‌ಸ್ಟೇ:
ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಬಿಲ್ಲಿಗೆ ಸೇರಿಸದೆ, ರೂಮ್ ತಗೊಂಡವರಿಗೆ ಒಂದು ಸಿಗಾರ್ ಉಚಿತ ಅಂತ ಕೊಟ್ಟರೆ?

ಬೇಲೂರು ಟ್ರಾವೆಲ್ಸ್:
ಕೊಡಿ. ಉಚಿತ ಅಂದ ಮೇಲೆ ಮಾರಾಟ ಎಲ್ಲಿಂದ ಬಂತು?

ಕಡೂರು ವಕೀಲ:
ಕೊಡಬೇಡಿ. ಕೋಟ್ಪಾದ 7ನೇ ಸೆಕ್ಷನ್ನಿನಲ್ಲಿ ಮಾರಾಟದ ಜೊತೆಗೆ "ಪ್ರತಿಫಲಕ್ಕಾಗಿ ಹಂಚಿಕೆ, ಪೂರೈಕೆ" ಅಂತಲೂ ಇದೆ. ರೂಮ್ ತಗೊಂಡರೆ ಮಾತ್ರ ಸಿಗುತ್ತೆ ಅಂದರೆ ಬಾಡಿಗೆಯೇ ಅದರ ಪ್ರತಿಫಲ. ಅತಿಥಿ ತಾನೇ ತಂದದ್ದನ್ನು ತಾನು ಸೇದಿದರೆ ನಿಮಗೆ ಆ ಸೆಕ್ಷನ್ ತಾಗೋದಿಲ್ಲ. ನೀವೇ ಇಡಬೇಕು ಅಂದರೆ ಎಚ್ಚರಿಕೆ ಚಿತ್ರ ಇರೋ ಡಬ್ಬಿಯನ್ನು ಆಮದುದಾರರ ಬಿಲ್ ಸಮೇತ ಕೊಳ್ಳಿ, ಬಿಲ್ಲನ್ನ ಫೈಲಲ್ಲಿ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ, ಅದನ್ನೂ ನೋಡಿಕೊಳ್ಳಿ.

ಬೇಲೂರು ಟ್ರಾವೆಲ್ಸ್:
ಬಾಡಿಗೆಯೇ ಪ್ರತಿಫಲ ಅಂತ ಹೇಳಿದ ತೀರ್ಪು ಒಂದಾದರೂ ತೋರಿಸಿ.

ಕಡೂರು ವಕೀಲ:
ಕಾಯ್ದೆಯ ಪದ ತೋರಿಸಿದ್ದೀನಿ. ಅದನ್ನ ಓದಿ.

ಮೂಡಿಗೆರೆ ಪ್ಲಾಂಟರ್:
ಕೆಂಟ್ಸ್ ವಿಷಯಕ್ಕೆ ಬೇಲೂರಿನವರು ಇನ್ನೂ ಉತ್ತರ ಕೊಟ್ಟಿಲ್ಲ.